ಹೆಸರು ಹಿಡಿದು ಅತ್ತದ್ದು

ಕೊತ್ತಿಹಾಳ, ದೇವದುರ್ಗ ತಾಲ್ಲೂಕು
14 ಜೂನ್ 1981

ಅಣ್ಣ ವೆಂಕೋಬನಿಗೆ,

ನೀನು ಹೇಳಿಕೊಟ್ಟಂತೆ ಪುಸ್ತಕದ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನಲ್ಲಿ 'ಮನಿ' ಎಂದು ಬರೆದದ್ದಕ್ಕೆ ನನ್ನ ಬೆರಳ ಗೆಣ್ಣಿನ ಮೇಲೆ ಫೂಟುಪಟ್ಟಿಯಿಂದ ಬಾರಿಸಿದವನು ನೀನೇ. ಈಗ ರಾಯಚೂರಿನ ಹಾಸ್ಟೆಲಿನಲ್ಲಿ ಕುಳಿತು, ಕವಿತೆ ಹುಟ್ಟಬೇಕಾದದ್ದು ಕೇರಿಯ ಮಾತಿನಲ್ಲಿ, ಕಾಗದದ ಮೇಲಲ್ಲ ಬಾಯಲ್ಲಿ, ಎಂದು ನನಗೇ ಪಾಠ ಬರೆದು ಕಳಿಸಿದ್ದೀಯ. ನಿನ್ನ ಸುದ್ದಿಯನ್ನು ಗೆಣ್ಣಿಗೆ ತಿಳಿಸಿದೆ. ಅದಕ್ಕಿನ್ನೂ ಸಿಟ್ಟು ಇಳಿದಿಲ್ಲ.

ಬೂದೆಪ್ಪಗೌಡರ ತಾಯಿ ತೀರಿಕೊಂಡಳು. ಎಂದಿನಂತೆ ಅಳಲು ಅವ್ವನಿಗೆ ಕರೆ ಬಂತು. ಅವ್ವ ವಾಡೆಯ ಗೋಡೆಯ ಹೊರಗೆ ನಿಂತು ಹಾಡ್ಯಾಡಿ ಅತ್ತಳು. ಮೂಕಮ್ಮ ಎಂದು ಹೆಸರಿಟ್ಟುಕೊಂಡವಳ ಬಾಯಿ ಅದು! ಒಳಗಿದ್ದ ಬೀಗರೆಲ್ಲ ಊಟ ಬಿಟ್ಟು ಹೊರಗೆ ಬಂದರು. ಅವ್ವನ ನೆರಳು ಬಿತ್ತೆಂದು ತುಂಬಿದ ಕೊಡ ಚೆಲ್ಲಿಸಿದ ಮುದುಕಿ ಅವಳು. ಅವಳಲ್ಲೂ ಅವ್ವ ಒಂದು ಒಳ್ಳೆಯದನ್ನು ಹುಡುಕಿದಳು. ಹಪ್ಪಳ ಒಣಗಿಸುವಾಗ ಕಾಗೆಗೊಂದು ತುಂಡು ಎಸೆಯುತ್ತಿದ್ದಳಂತೆ. ಅದನ್ನೇ ಹಿಡಿದು ಎಷ್ಟು ಅತ್ತಳೆಂದರೆ ನನಗೂ ಕಣ್ಣೀರು ಬಂತು. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಅಳುವಿನ ಕಟ್ಟು ಹೇಗೆ ಎಂದು ನೀನು ಕೇಳಿದ್ದೆ. ಅವ್ವನನ್ನು ಕೇಳಿದೆ. "ಕಟ್ಟೇನ್ ಬಂತಬೇ? ಹೆಣ ಮುಂದಿರಬೇಕು, ಬಾಯಿ ತಾನೇ ಬರ್ತದ" ಎಂದಳು. ಆದರೆ ಕಟ್ಟುನಿಟ್ಟು ಇದೆ. ಹೆಣದ ಮುಂದೆ ಮಾತ್ರ ಹೆಸರು ಹಿಡಿದು ಅಳಬೇಕು. ಬದುಕಿದವರ ಹೆಸರು ಆ ರಾಗದೊಳಗೆ ಬರಲೇಬಾರದು, ಬಂದರೆ ಆ ಹೆಸರು ಸತ್ತಂತೆಯೇ. ಅತ್ತು ಮುಗಿದ ಮೇಲೆ ಯಾರಿಗೂ 'ಬರ್ತೀನಿ' ಎನ್ನದೆ, ತಿರುಗಿ ನೋಡದೆ ಹೊರಡಬೇಕು. ಇಷ್ಟೇ.

'ಇಂತಿ ನಿನ್ನ ವಿಧೇಯ ತಂಗಿ' ಎಂದು ಬರೆಯಲು ನನಗೆ ನಗು ಬರುತ್ತದೆ. ಮನೆಯಿಂದ ಏಳುವಾಗ ಹೇಳುವಂತೆ ಹೇಳುತ್ತೇನೆ.

ಬರ್ತೀನಿ,
ಶೇಖಮ್ಮ


ರಾಯಚೂರು
23 ಆಗಸ್ಟ್ 1981

ಪ್ರೀತಿಯ ಶೇಖಿ,

ಗಂಟಲು ಒಡೆದುಹೋಗಿದೆ, ಆದರೂ ಕೈ ಸುಮ್ಮನಿರುತ್ತಿಲ್ಲ. ನಿನ್ನೆ ಮಾನ್ವಿಯ ಬಸ್ ನಿಲ್ದಾಣದಲ್ಲಿ ನಮ್ಮ ಸಂಘದ ಹುಡುಗರು ಕವಿತೆ ಹೇಳಿದೆವು. ವೇದಿಕೆ ಇಲ್ಲ, ಮೈಕು ಇಲ್ಲ. ಮಾನ್ವಿಯ ಅಬ್ದುಲ್ ವಹೀದ್ ಹಲಗೆ ಬಾರಿಸಿದ. ಅವನು ನನ್ನ ರೂಮಿನ ಗೆಳೆಯ, ಹಲಗೆ ಮುಟ್ಟಿದ್ದಕ್ಕೆ ಅವರ ಮನೆಯಲ್ಲಿ ಬೈಗುಳ ತಿಂದವನು. ಮೊದಲು ಕೇಳಿದವರು ಕಡಲೆಕಾಯಿ ಮಾರುವವರು, ಆಮೇಲೆ ಕಾಲೇಜಿನ ಹುಡುಗರು, ಕೊನೆಗೆ ದೇವದುರ್ಗದ ಬಸ್ಸಿನ ಡ್ರೈವರ್ ಕೂಡ ಎಂಜಿನ್ ಬಂದ್ ಮಾಡಿ ಕೇಳಿದ.

ನಾನು ಏನು ಹೇಳಿದೆ ಗೊತ್ತೇ? ಬೂದೆಪ್ಪಗೌಡನ ಹೆಸರು ಹಿಡಿದು ಅತ್ತೆ! ಅವ್ವನ ರಾಗದಲ್ಲಿ, ಎದೆ ಬಡಿದುಕೊಂಡು ಅತ್ತೆ:

"ಎದ್ದೇಳೋ ಬೂದೆಪ್ಪಗೌಡಾ, ಎಷ್ಟೊತ್ತು ಮಲಗ್ತೀಯೋ?
ಬಾವಿ ಕಾಯೋರ್ಯಾರೋ ಇನ್ನ, ಬಡಿಗಿ ಹಿಡಿಯೋರ್ಯಾರೋ?
ನಮ್ಮ ಕೊಡ ನೋಡಿ ಉಗುಳೋ ಬಾಯಿ ಯಾರಿಗಿ ಬಿಟ್ಟು ಹೋದ್ಯೋ?"

ಜನ ಮೊದಲು ಬೆಚ್ಚಿದರು, ಆಮೇಲೆ ನಕ್ಕರು, ಆಮೇಲೆ ಅವರವರ ಊರಿನ ಗೌಡರ ಹೆಸರು ಕೂಗಿ 'ಇವನನ್ನೂ ಅಳು' ಎಂದರು. ನಮ್ಮ ತಾಯಂದಿರು ಇಷ್ಟು ವರ್ಷ ಗೋಡೆಯ ಹೊರಗೆ ನಿಂತು ಅತ್ತ ರಾಗಕ್ಕೆ ಇಷ್ಟು ಹರಿತ ಇತ್ತೆಂದು ನನಗೇ ಗೊತ್ತಿರಲಿಲ್ಲ. ಬದುಕಿದವರ ಹೆಸರು ಬರಬಾರದು ಎಂದು ನೀನು ಬರೆದಿದ್ದೆಯಲ್ಲ, ಅಲ್ಲೇ ನನಗೆ ಕವಿತೆ ಸಿಕ್ಕಿತು. ಅವ್ವನಿಗೆ ಹೇಳು, ಅವಳ ವಿದ್ಯೆ ನಿನ್ನೆ ಮೊದಲ ಸಲ ಸರಿಯಾದ ಕೆಲಸಕ್ಕೆ ಬಂತು.

ನಿನ್ನ ಅಣ್ಣ,
ವೆಂಕೋಬ


ಕೊತ್ತಿಹಾಳ
20 ಸೆಪ್ಟೆಂಬರ್ 1981

ಅಣ್ಣ,

ನಿನ್ನ ಕಾಗದಕ್ಕಿಂತ ಮೊದಲೇ ನಿನ್ನ ಕವಿತೆ ಊರಿಗೆ ಬಂತು. ಅದಕ್ಕೆ ಸ್ಟಾಂಪು ಬೇಕಿರಲಿಲ್ಲ.

ಗೌಡ ಮೊದಲು ನಕ್ಕನಂತೆ. ಗೌಡತಿ ನಗಲಿಲ್ಲ. ಗಂಡನ ಹೆಸರು ಹಿಡಿದು ಅತ್ತಾರೆಂದು ಅನ್ನ ಬಿಟ್ಟು ಮಲಗಿದಳು. ಮರುದಿನವೇ ನಮ್ಮ ಕೇರಿಗೆ ಬಾವಿ ಬಂದ್ ಆಯಿತು. ನಮ್ಮ ಮನೆಗಷ್ಟೇ ಅಲ್ಲ, ಇಡೀ ಕೇರಿಗೆ. ಹೆಂಗಸರು ಹಳ್ಳದ ರಾಡಿ ಸೋಸಿ ತಂದರು. ಕೂಸುಗಳು ಕಕ್ಕಿಕೊಂಡವು. ಆಮೇಲೆ ಗೌಡನ ಕಡೆಯವರು ಬರಲಿಲ್ಲ, ನಮ್ಮವರೇ ನಮ್ಮ ಬಾಗಿಲಿಗೆ ಬಂದರು. ನಿನಗೆ ಮೊಲೆ ಕೊಟ್ಟ ಸೂಗಮ್ಮ ಚಿಗವ್ವ ಹೊಸಲಿನಲ್ಲಿ ಕುಳಿತು, "ಮೂಕಿ, ಹೋಗಿ ಏನ್ ಕೇಳ್ತಾನ ಅದು ಮಾಡಿ ಬಾ. ನಮ್ಮ ಕೂಸು ಸಾಯಾಕತ್ತಾವ" ಎಂದಳು.

ಗೌಡ ಕೇಳಿದ್ದು ದೊಡ್ಡದೇನಲ್ಲ. "ನಿನ್ನ ಮಗ ನನ್ನ ಹೆಸರು ಹಿಡಿದು ಅತ್ತಾನ. ನೀನು ಅವನ ಹೆಸರು ಹಿಡಿದು ಅಳು. ಮುಗೀತು, ಬಾವಿ ತೆಗಸ್ತೀನಿ."

ಚಾವಡಿಯ ಮುಂದೆ ಜೋಳದ ಕಣಿಕೆಯ ಹೊರೆಯನ್ನು ಹೆಣದಂತೆ ಮಲಗಿಸಿದರು. ಅದಕ್ಕೆ ತೊಡಿಸಲು ನಿನ್ನ ಅಂಗಿ ಬೇಕೆಂದರು. ತಂದುಕೊಟ್ಟವಳು ನಾನು. ಹೈಸ್ಕೂಲಿನ ಬಿಳಿ ಅಂಗಿ, ಶಾಯಿ ಚೆಲ್ಲಿದ ಜೇಬು. ಅವ್ವ ಹೊರೆಯ ಮುಂದೆ ನಿಂತಳು. ಬಾಯಿ ತೆರೆಯುತ್ತಾಳೆ, ಬರೀ ಗಾಳಿ. ಗೌಡ ಕಟ್ಟೆಯ ಮೇಲೆ ಕುಳಿತು, "ಅಳು ಮೂಕಿ, ಊರು ಕೇಳಲಿ" ಎಂದ. ಆಗ ಅವ್ವ ಬಾಗಿ ಆ ಶಾಯಿಯ ಕಲೆಯನ್ನು ಮುಟ್ಟಿದಳು. ಆಮೇಲೆ ಬಂತು.

ಅಂಥ ಅಳುವನ್ನು ನಾನು ಕೇಳಿಲ್ಲ. ಗೌಡತಿ ಕಿಟಕಿಯ ಹಿಂದೆ ಸೆರಗು ಕಚ್ಚಿಕೊಂಡು ಅತ್ತಳು. ಗೌಡನೇ ಸಾಕು ಸಾಕು ಎಂದ, ಅವ್ವ ನಿಲ್ಲಿಸಲಿಲ್ಲ. ಒಂದು ಮಾತು ಮಾತ್ರ ನನ್ನ ಕಿವಿಯಿಂದ ಹೋಗುತ್ತಿಲ್ಲ:

"ಕರದ್ರ ಓ ಅನ್ನಲಿ ಅಂತ ಹೆಸರಿಟ್ಟೆನಪ್ಪಾ ವೆಂಕೋಬಾ,
ಊರೇ ಕರೀತದ ಇವತ್ತ, ಯಾಕ ಓ ಅನವಲ್ಲಿ?"

ಬಾವಿ ತೆಗೆದಿದ್ದಾರೆ. ಅವ್ವ ಯಾರಿಗೂ ಹೇಳದೆ ಮನೆಗೆ ಬಂದಳು, ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು, ನಿನ್ನ ತಟ್ಟೆಯನ್ನು ಅಟ್ಟಕ್ಕೆ ಹಾಕಿದಳು. ಆವತ್ತಿನಿಂದ ನಿನ್ನ ಹೆಸರನ್ನು ಬಾಯಿಗೆ ತಂದಿಲ್ಲ. ನಾನು ಅಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ಬರ್ತೀನಿ,
ಶೇಖಮ್ಮ


ರಾಯಚೂರು
2 ಅಕ್ಟೋಬರ್ 1981

ಶೇಖಿ,

ನಿನ್ನ ಕಾಗದ ಮುಟ್ಟಿತು. ವಹೀದ್‌ಗೆ ಓದಿ ಹೇಳಿದೆ. ಆ ನಾಯಿಯನ್ನು ಸುಮ್ಮನೆ ಬಿಡುವುದಿಲ್ಲ. ಸಂಘದಿಂದ ಕಲೆಕ್ಟರಿಗೆ ಅರ್ಜಿ ಕೊಟ್ಟಿದ್ದೇವೆ.

ಆದರೆ ಒಂದು ಮಾತು. ಅವ್ವನ ಆ ಎರಡು ಸಾಲು ಇದೆಯಲ್ಲ, ಅದನ್ನು ಇಲ್ಲಿ ಹುಡುಗರ ಮುಂದೆ ಹೇಳಿದೆ. ಇಷ್ಟು ದಿನ ನಾವು ಬರೆದದ್ದೆಲ್ಲ ಅದರ ಮುಂದೆ ಹೊಟ್ಟು. ಉಳಿದ ಸಾಲುಗಳನ್ನೂ ನೆನಪಿದ್ದಷ್ಟು ಬರೆದು ಕಳಿಸು. ನೆನಪಿಲ್ಲದಿದ್ದರೆ ಅವ್ವನಿಂದ ಇನ್ನೊಮ್ಮೆ ಹೇಳಿಸು. ಒಂದಕ್ಷರವೂ ತಿದ್ದಬೇಡ, 'ಮನಿ' ಎಂದರೆ 'ಮನಿ' ಎಂದೇ ಬರೆ. ಫೆಬ್ರವರಿಯಲ್ಲಿ ಇಲ್ಲಿ ಯುವಜನರ ದೊಡ್ಡ ಸಮಾವೇಶ ಇದೆ. ಅವ್ವನಿಗಾದ ಅನ್ಯಾಯ ಎಲ್ಲರಿಗೂ ಮುಟ್ಟಬೇಕಾದರೆ ಅವಳ ಮಾತಿನಲ್ಲೇ ಮುಟ್ಟಬೇಕು.

ವೆಂಕೋಬ


ಕೊತ್ತಿಹಾಳ
15 ನವೆಂಬರ್ 1981

ಅಣ್ಣ,

ಸಾಲು ಸಿಗುವುದಿಲ್ಲ. ಅವ್ವನನ್ನು ಕೇಳಿದ್ದಕ್ಕೆ ಕೈಯಲ್ಲಿದ್ದ ಸೌಟು ನನ್ನ ಕಡೆ ಬಂತು. ನನಗೆ ನೆನಪಿದೆ, ಆದರೆ ಬರೆಯುವುದಿಲ್ಲ. ಆ ಎರಡು ಬರೆದದ್ದೇ ಹೆಚ್ಚಾಯಿತು.

ನೀನು ಒಂದೇ ಒಂದು ಸಲ ಊರಿಗೆ ಬಾ. ಅವ್ವ ದಾರಿ ಹುಡುಕಿದ್ದಾಳೆ. ಜಾಲಹಳ್ಳಿಯ ಸಂತೆಯಲ್ಲಿ ಒಬ್ಬ ಹಿರಿಯಳು ಹೇಳಿದಳಂತೆ. ಬದುಕಿದ್ದವರ ಹೆಸರು ಹಿಡಿದು ಅತ್ತಿದ್ದರೆ ಆ ಹೆಸರು ಹೋಯಿತು, ಆದರೆ ಮಗ ಹೋಗಬೇಕೆಂದಿಲ್ಲ. ಹೆತ್ತವಳು ಸೆರಗು ಹಿಡಿಯಬೇಕು, ಮಗ ಅದರ ಕೆಳಗೆ ನುಸುಳಿ ಮತ್ತೆ ಹುಟ್ಟಿ ಬರಬೇಕು. ಕಿವಿಯಲ್ಲಿ ಬೇರೆ ಹೆಸರು ಕೂಗಿ ಗುಗ್ಗರಿ ಹಂಚಿದರೆ ಮುಗಿಯಿತು. ಅವ್ವ ಹೆಸರನ್ನೂ ಆರಿಸಿ ಇಟ್ಟಿದ್ದಾಳೆ. ನನಗೂ ಹೇಳಿಲ್ಲ. ಮೊದಲು ನಿನ್ನ ಕಿವಿಗೆ ಬೀಳಬೇಕಂತೆ. ಒಬ್ಬಳೇ ಕುಳಿತಾಗ ತುಟಿ ಅಲ್ಲಾಡಿಸುತ್ತಿರುತ್ತಾಳೆ, ಆ ಹೆಸರನ್ನೇ ರೂಢಿ ಮಾಡಿಕೊಳ್ಳುತ್ತಿದ್ದಾಳೆಂದು ನನ್ನ ಅನುಮಾನ.

ನಿನಗೆ ನಗು ಬರಬಹುದು. ನಕ್ಕು ಮುಗಿಸಿ ಬಸ್ ಹತ್ತು. ನೀನು ಬರುವವರೆಗೆ ಅವ್ವನಿಗೆ ಮಗ ಇಲ್ಲ. ಅಟ್ಟದ ಮೇಲಿನ ತಟ್ಟೆಯನ್ನು ಮಾತ್ರ ವಾರವಾರ ಇಳಿಸಿ ಬೂದಿ ಹಚ್ಚಿ ತಿಕ್ಕಿ ಮತ್ತೆ ಅಲ್ಲೇ ಇಡುತ್ತಾಳೆ.

ಇನ್ನೊಂದು ಸುದ್ದಿ. ನಾನು ಬಸುರಿ. ನಮ್ಮ ಮನೆಯವರು ಈಗಲೇ ತೊಟ್ಟಿಲಿಗೆ ಕಟ್ಟಿಗೆ ಹುಡುಕುತ್ತಿದ್ದಾರೆ. ಮನೆಯಳಿಯನಾದರೂ ಅತ್ತೆಗೆ ಹೆದರುವುದು ಬಿಟ್ಟಿಲ್ಲ.

ಬರ್ತೀನಿ,
ಶೇಖಮ್ಮ


ರಾಯಚೂರು
10 ಜನವರಿ 1982

ಪ್ರೀತಿಯ ಶೇಖಿ,

ತಾಯಿಯಾಗುವವಳೇ, ತುಂಬ ಸಂತೋಷ. ಆದರೆ ನಿನ್ನ ಹೊಟ್ಟೆಯ ಕೂಸಿಗೂ ಇದೇ ಕತ್ತಲೆ ಕುಡಿಸಬೇಡ.

ನಾನು ಬರುವುದಿಲ್ಲ. ಯೋಚಿಸಿಯೇ ಹೇಳುತ್ತಿದ್ದೇನೆ. ನಾನು ಸತ್ತಿಲ್ಲ, ಆದ್ದರಿಂದ ಮತ್ತೆ ಹುಟ್ಟಬೇಕಾಗಿಯೂ ಇಲ್ಲ. ಸೆರಗಿನ ಕೆಳಗೆ ನುಸುಳಿದರೆ ಬೂದೆಪ್ಪಗೌಡ ನನ್ನನ್ನು ಕೊಂದದ್ದು ನಿಜ ಎಂದು ಒಪ್ಪಿದ ಹಾಗೆ. ಹಳ್ಳಿಹಳ್ಳಿಗೆ ಹೋಗಿ ಮೌಢ್ಯ ಬಿಡಿ ಎಂದು ಕೂಗುವವನು ಮನೆಯಲ್ಲಿ ಕದ್ದು ಗುಗ್ಗರಿ ತಿನ್ನಲೇ? ನಮ್ಮ ಸಂಘದಲ್ಲಿ ಗೊತ್ತಾದರೆ ಮುಖ ಎಲ್ಲಿಡಲಿ?

ಅವ್ವನಿಗೆ ತಿಳಿಸಿ ಹೇಳು, ನಿನಗೆ ಆಗುತ್ತದೆ. ಸಾಲು ಕಳಿಸದಿದ್ದರೂ ಚಿಂತೆಯಿಲ್ಲ, ಆ ಎರಡರ ಮೇಲೆಯೇ ನಾನು ಕಟ್ಟಿಕೊಂಡಿದ್ದೇನೆ. 'ನನ್ನ ಸಾವು' ಎಂದು ಹೆಸರು. ಫೆಬ್ರವರಿ ಇಪ್ಪತ್ತೊಂದು, ಭಾನುವಾರ ಮಧ್ಯಾಹ್ನ. ಸಾಧ್ಯವಾದರೆ ಅವ್ವನನ್ನು ಕರೆದುಕೊಂಡು ಬಾ. ತನ್ನ ಮಾತಿಗೆ ಎಷ್ಟು ಕೈ ತಟ್ಟುತ್ತವೆ ಎಂದು ಅವಳೂ ನೋಡಲಿ.

ವೆಂಕೋಬ


ರಾಯಚೂರು
22 ಫೆಬ್ರವರಿ 1982

ಶೇಖಿ,

ಒಂದು ಮಾತೂ ಹೇಳದೆ ಎಲ್ಲಿಗೆ ಹೋದಿರಿ? ಬಸ್ ನಿಲ್ದಾಣದವರೆಗೆ ಓಡಿಬಂದೆ. ನಮ್ಮ ದಾರಿಯಲ್ಲದ ಯರಗೇರಾದ ಬಸ್ಸುಗಳನ್ನೂ ಬಿಡದೆ ಇಣುಕಿ ನೋಡಿದೆ. ಎಲ್ಲರೂ ಅವ್ವನ ಬಗ್ಗೆಯೇ ಕೇಳುತ್ತಿದ್ದಾರೆ. ವೇದಿಕೆಯ ಮೇಲೆ ಅವಳು ಆಡಿದ ಮಾತನ್ನು ನಾನೇ ಬರೆದುಕೊಟ್ಟದ್ದೆಂದು ತಿಳಿದು ಬೆನ್ನು ತಟ್ಟಿದವರೂ ಇದ್ದಾರೆ. ವಹೀದ್ ಒಬ್ಬನೇ ನನ್ನ ಜೊತೆ ಮಾತಾಡುತ್ತಿಲ್ಲ, ಹಲಗೆಯನ್ನು ಹಾಸಿಗೆಯ ಕೆಳಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಅವ್ವ ತಮಾಷೆ ಮಾಡಿದಳೋ, ಸಿಟ್ಟಾದಳೋ? ಕೂಡಲೇ ಬರೆ.

ವೆಂಕೋಬ


ಕಲ್ಮಲ
25 ಫೆಬ್ರವರಿ 1982

ಅಣ್ಣ,

ನಮ್ಮ ಮನೆಯವರ ಅಕ್ಕನ ಮನೆಯಲ್ಲಿ, ಕಲ್ಮಲದಲ್ಲಿ ಇದ್ದೇವೆ. ದಾರಿಯಲ್ಲಿ ನನಗೆ ಹೊಟ್ಟೆನೋವು ಬಂತು, ಈಗ ಪರವಾಗಿಲ್ಲ. ಊರಿಗೆ ಬಂದ ನಿನ್ನ ಕಾಗದವನ್ನು ನಮ್ಮ ಮನೆಯವರು ಇವತ್ತು ಇಲ್ಲಿಗೆ ತಂದುಕೊಟ್ಟರು. ಅವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಾಳೆ.

ತಮಾಷೆಯೋ ಎಂದು ಕೇಳಿದ್ದೀಯ. ಹೇಳುತ್ತೇನೆ, ಕೇಳಿಸಿಕೋ.

ಅವ್ವ ನಿನ್ನ ಕವಿತೆ ಕೇಳಲು ಬಂದವಳಲ್ಲ. "ಅಂವ ಬರದಿದ್ರೇನಬೇ, ಸೆರಗು ನನ್ ಹೆಗಲ ಮ್ಯಾಲೇ ಅದ, ಅಲ್ಲಿಗೇ ಒಯ್ದ್ರಾತು" ಎಂದು ಮನೆಯಲ್ಲೇ ಗುಗ್ಗರಿ ಬೇಯಿಸಿ ಗಂಟು ಕಟ್ಟಿಕೊಂಡು ಬಂದವಳು. ಹಾಸ್ಟೆಲಿನ ಬಾಗಿಲಿಗೆ ಬಂದೆವು. ನೀನು ತಾಲೀಮಿನಲ್ಲಿದ್ದೀಯ, ಆಮೇಲೆ ಸಿಗುತ್ತೀಯ ಎಂದು ಒಬ್ಬ ಹುಡುಗ ನಮ್ಮನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂಡಿಸಿದ. ಅಷ್ಟು ಮೆತ್ತನೆಯ ಕುರ್ಚಿಯಲ್ಲಿ ಅವ್ವ ತುದಿಯಲ್ಲೇ ಕುಳಿತಿದ್ದಳು.

ಪರದೆ ಸರಿಯಿತು. ನೀನು ಬಿಳಿ ಬಟ್ಟೆ ಹೊದ್ದು ಹೆಣವಾಗಿ ಮಲಗಿದ್ದೆ. ವಹೀದ್ ಹಲಗೆಯನ್ನು ಸುಡಗಾಡಿನ ಹೊಡೆತ ಹೊಡೆದ. ನೀನು ಎದ್ದು ಕುಳಿತೆ. ಅವ್ವನ ರಾಗ, ಅವ್ವನ ಸಾಲು, ನಿನ್ನ ಹೆಸರು, ನಿನ್ನದೇ ಬಾಯಿ. 'ಯಾಕ ಓ ಅನವಲ್ಲಿ?' ಎಂದು ಕೇಳಿ, ಬಟ್ಟೆ ಕಿತ್ತೆಸೆದು 'ಓ!' ಎಂದು ಕೂಗಿದೆ. ಜನ ಎದ್ದು ನಿಂತರು. ನನ್ನ ಪಕ್ಕದವನು ಶಿಳ್ಳೆ ಹೊಡೆದ. ಅವ್ವ ಗುಗ್ಗರಿಯ ಗಂಟನ್ನು ಹೊಟ್ಟೆಗೆ ಒತ್ತಿ ಹಿಡಿದು ಕುಳಿತಿದ್ದಳು.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ನೀನು ಅವ್ವನನ್ನು ನೋಡಿ ಮೇಲೆ ಕರೆಸಿದೆ. ಮೈಕು ಅವಳ ಬಾಯಿಗೆ ಹಿಡಿದು, "ಅಳು ಯವ್ವಾ, ಜನ ಕೇಳಲಿ" ಎಂದೆ. ಗೌಡ ಹೇಳಿದ್ದೂ ಇದನ್ನೇ. ಅವನ ಕೈಯಲ್ಲಿ ಮೈಕು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅವ್ವ ನಿನ್ನ ಮುಖವನ್ನು ನೋಡಿ ಕೇಳಿದಳಲ್ಲ, "ನಿಮ್ಮ ಹೆಸರೇನ್ರೀ ಯಪ್ಪಾ?" ಎಂದು. ಜನ ನಕ್ಕರು. ನೀನೂ ನಕ್ಕೆ. ನಕ್ಕು, "ವೆಂಕೋಬ" ಎಂದೆ. "ಆ ಹೆಸರಿಂದು ಅತ್ತಾಗ್ಯದ್ರೀ. ಬ್ಯಾರೇದಿದ್ರ ಹೇಳ್ರಿ" ಎಂದಳು.

ಅಣ್ಣ, ಅವಳು ಕಾಯುತ್ತಿದ್ದಳು. 'ನೀನೇ ಇಡು ಯವ್ವಾ' ಎಂದು ನೀನು ಒಂದು ಮಾತು ಅಂದಿದ್ದರೆ ಆ ಜನರ ಮುಂದೆಯೇ ಸೆರಗು ಹಿಡಿಯುತ್ತಿದ್ದಳು. ಆಗಲೇ ಅದರ ತುದಿ ಅವಳ ಕೈಯಲ್ಲಿತ್ತು, ನಾನು ಕೆಳಗಿನಿಂದ ನೋಡುತ್ತಿದ್ದೆ. ನೀನು ಜನರ ಕಡೆ ತಿರುಗಿ, "ಕೇಳಿದಿರಾ ಗೆಳೆಯರೇ!" ಎಂದು ಕೂಗಿದೆ. ಚಪ್ಪಾಳೆ ಬಿತ್ತು. ಅವ್ವ ಸೆರಗು ಬಿಟ್ಟು ಇಳಿದು ಬಂದಳು. ನಾನು ನಿನಗೆ ಹೇಳಿ ಬರುತ್ತೇನೆಂದೆ, "ಹೇಳಬ್ಯಾಡ. ಇಂಥಲ್ಲಿಂದ ಹೇಳಿ ಬರಂಗಿಲ್ಲ" ಎಂದು ಕೈ ಹಿಡಿದು ಎಳೆದಳು.

ಗುಗ್ಗರಿಯನ್ನು ಬಸ್ ನಿಲ್ದಾಣದಲ್ಲಿ ಒಂದು ಆಕಳ ಮುಂದೆ ಸುರಿದಳು.

ನಾನಿನ್ನೂ ಹೇಳುತ್ತೇನೆ. ಬರ್ತೀನಿ,
ಶೇಖಮ್ಮ


ಮಾನ್ವಿ
18 ಜುಲೈ 1982

ಶೇಖಿ,

ಬಹಳ ತಿಂಗಳು ಬರೆಯಲಿಲ್ಲ. ಮೊದಲು ಸಿಟ್ಟಿತ್ತು. ನಿನ್ನ ಕಾಗದ ಹರಿದುಹಾಕಿದೆ, ಆಮೇಲೆ ಬಾಯಿಪಾಠ ಆಗಿದ್ದು ಗೊತ್ತಾಯಿತು.

'ನನ್ನ ಸಾವು' ಎಲ್ಲ ಕಡೆ ಕೇಳುತ್ತಾರೆ. ನಿನ್ನೆ ಇಲ್ಲಿ ಹೇಳುವಾಗ 'ಯಾಕ ಓ ಅನವಲ್ಲಿ' ಎಂದೆ, ಮುಂದೆ 'ಓ' ಬರಲಿಲ್ಲ. ಬಾಯಿ ತೆರೆದು ನಿಂತೆ, ಬರೀ ಗಾಳಿ. ಜನ ಕಾದರು, ಆಮೇಲೆ ಒಬ್ಬೊಬ್ಬರೇ ಎದ್ದುಹೋದರು. ವಹೀದ್ ಸಂಘ ಬಿಟ್ಟಿದ್ದಾನೆ. ರಸ್ತೆಯಲ್ಲಿ ಯಾರಾದರೂ ನನ್ನ ಹೆಸರು ಕರೆದರೆ, ಕರೆದದ್ದು ಬೇರೆ ಯಾರನ್ನೋ ಅನ್ನಿಸಿ ಮುಂದೆ ಹೋಗಿಬಿಡುತ್ತೇನೆ.

ನಾನು ಬರುತ್ತೇನೆ. ಸೆರಗಿನ ಕೆಳಗಾಗಲಿ, ಅವಳ ಕಾಲ ಕೆಳಗಾಗಲಿ ನುಸುಳುತ್ತೇನೆ. ಸಂಘದವರು ನಗಲಿ. ನೀನೇ ಇಡು ಎಂದು ಹೇಳುತ್ತೇನೆ. ಯಾವ ಹೆಸರು ಆರಿಸಿಟ್ಟಿದ್ದಾಳೆ? ಕೇಳಿ ಬರೆ. ಬರುವ ದಾರಿಯಲ್ಲಿ ರೂಢಿ ಮಾಡಿಕೊಳ್ಳುತ್ತೇನೆ.

ನಿನ್ನ ಅಣ್ಣ


ಕೊತ್ತಿಹಾಳ
1 ಆಗಸ್ಟ್ 1982

ಅಣ್ಣ,

ನನಗೆ ಗಂಡು ಕೂಸು ಹುಟ್ಟಿದೆ. ಕಪ್ಪಗೆ, ದುಂಡಗೆ ಇದ್ದಾನೆ, ಗಂಟಲು ದೊಡ್ಡದು. ಹೋದ ವಾರ ತೊಟ್ಟಿಲಿಗೆ ಹಾಕಿದೆವು. ಸೂಗಮ್ಮ ಚಿಗವ್ವ ಬಾವಿಯಿಂದ ನೀರು ಹೊತ್ತು ತಂದಳು. ಅವ್ವ ತಾನೇ ಕಿವಿಯಲ್ಲಿ ಹೆಸರು ಕೂಗಿ ಕೇರಿಗೆಲ್ಲ ಗುಗ್ಗರಿ ಹಂಚಿದಳು.

ಸತ್ತವರ ಹೆಸರನ್ನು ಹುಟ್ಟಿದವರಿಗೆ ಇಡುವುದು ನಮ್ಮ ಮನೆಯ ರೂಢಿ. ನಿನಗೂ ಸತ್ತ ತಾತನ ಹೆಸರೇ ಇಟ್ಟಿದ್ದರು. ನಾನು ಬೇಡ ಎಂದು ಅವ್ವನ ಕಾಲು ಹಿಡಿದೆ. "ಹೆಸರು ಖಾಲಿ ಬಿದ್ದಾದಲ್ಲಬೇ" ಎಂದಳು. ಕೂಸಿನ ಹೆಸರು ವೆಂಕೋಬ.

ನಿನ್ನ ತಟ್ಟೆ ಅಟ್ಟದಿಂದ ಇಳಿದಿದೆ. ಅದರಲ್ಲಿ ಅವನಿಗೆ ಎಣ್ಣೆ ಇಟ್ಟು ಹಚ್ಚುತ್ತಾಳೆ. ಇಡೀ ದಿನ ವೆಂಕ್ಯಾ, ವೆಂಕ್ಯಾ ಎಂದು ಕರೆಯುತ್ತಾಳೆ. ಅವನು ಊಂ ಎಂದರೆ ಓ ಅಂದ ಓ ಅಂದ ಎಂದು ಊರಿಗೆಲ್ಲ ಹೇಳುತ್ತಾಳೆ. ಇಷ್ಟು ವರ್ಷದಲ್ಲಿ ಅವಳು ಇಷ್ಟು ನಕ್ಕಿದ್ದನ್ನು ನಾನು ನೋಡಿಲ್ಲ.

ಬರಬೇಡ ಎಂದು ನಾನು ಹೇಳುವುದಿಲ್ಲ. ಬಂದರೆ ಚಾಪೆ ಹಾಸುತ್ತಾಳೆ, ನೀರು ಕೊಡುತ್ತಾಳೆ, ಯಾವ ಊರ್ರೀ ಎಂದು ಕೇಳುತ್ತಾಳೆ.

ನಿನ್ನೆ ಕೂಸಿಗೆ ಎರೆಯುವಾಗ ನಿನ್ನ ಕಾಗದ ಓದಿ ಹೇಳಿದೆ. ಕಾಲಿನ ಮೇಲೆ ಅವನನ್ನು ಮಲಗಿಸಿಕೊಂಡು ಕೇಳಿಸಿಕೊಂಡಳು. ಓದಿ ಮುಗಿಸಿ, "ಯವ್ವಾ, ಅವನಿಗಿ ಅಂತ ಒಂದು ಹೆಸರು ತೆಗೆದಿಟ್ಟಿದ್ದೆಯಲ್ಲ, ಏನದು?" ಎಂದೆ. ಅವ್ವ ಕೂಸಿನ ಕಣ್ಣಿಗೆ ನೀರು ಹೋಗದಂತೆ ಹಣೆಗೆ ಕೈ ಅಡ್ಡ ಹಿಡಿದು ಇನ್ನೊಂದು ಚೊಂಬು ಸುರಿದಳು.

"ಯಾರಿಗಿ?" ಎಂದಳು.

ಶೇಖಮ್ಮ